ಡಾಲಿ ಪೆಂಟ್ರೀತಳ ಊರಿನಲ್ಲಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಶಾಲೆಯ ಆರಂಭದ ದಿನಗಳ ಕುರಿತೇ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಮುಳಿಹುಲ್ಲಿನ ಮಾಡು, ಮಳೆಗಾಲದಲ್ಲಿ ಸೋರುತ್ತಿದ್ದ ಮೂರನೆಯ ತರಗತಿ, ಊರವರು ತಲೆಹೊರೆಯಲ್ಲಿ ಹೊತ್ತು ತಂದ ಕಲ್ಲು - ಇವನ್ನೆಲ್ಲ ಕಂಡವರು ಇನ್ನೂ ಅನೇಕರಿದ್ದಾರೆ. ಅವರು ಬರೆದೇ ಬರೆಯುತ್ತಾರೆ. ನಾನಾದರೋ ಮೇಲ್ನೋಟಕ್ಕೆ ನಮಗೆ ಯಾವ ಸಂಬಂಧವೂ ಇಲ್ಲದ ಒಂದು ಪರದೇಶದ ಹಳ್ಳಿಯ ವಿಚಾರವನ್ನು ಬರೆಯಲು ಹೊರಟಿದ್ದೇನೆ. ಹಳೆ ವಿದ್ಯಾರ್ಥಿಗಳು ತಮ್ಮ ಮಾಸ್ತರರ ಈ ಸ್ವಾತಂತ್ರ್ಯವನ್ನು ಮನ್ನಿಸಬೇಕು.

ಆ ಹಳ್ಳಿ ಇರುವುದು ಇಂಗ್ಲೆಂಡಿನ ನೈಋತ್ಯದ ತುತ್ತತುದಿಯಲ್ಲಿ, ಕಾರ್ನ್‌ವಾಲ್ ಎಂಬ ಪ್ರಾಂತದಲ್ಲಿ. ಹೆಸರನ್ನು ಅಕ್ಷರ ನೋಡಿ ಓದಿದರೆ ‘ಮೌಸ್‌ಹೋಲ್’, ಅಂದರೆ ಇಲಿಯ ಬಿಲ. ಆದರೆ ಹಾಗೆ ಉಚ್ಚರಿಸಿದವನನ್ನು ಅಲ್ಲಿಯವರು ಹೊರಗಿನವನೆಂದು ಆ ಕ್ಷಣವೇ ಗುರುತಿಸುತ್ತಾರೆ. ಅವರ ಬಾಯಲ್ಲಿ ಅದು ‘ಮೌಝಲ್’. ಬರೆದಂತೆ ಓದುವ ಭಾಷೆಯನ್ನು ಮೂರು ದಶಕಗಳಿಗೂ ಮಿಕ್ಕಿ ಕಲಿಸಿದ ನನಗೆ ಇಂಗ್ಲಿಷಿನ ಈ ಬಗೆಯ ಚೇಷ್ಟೆಗಳು ಎಂದಿಗೂ ಹಿಡಿಸಿದ್ದಿಲ್ಲ. ಈ ಎರಡೂ ಹೆಸರುಗಳಿಗಿಂತ ಹಿಂದಿನ ಇನ್ನೊಂದು ಹೆಸರು ಆ ಊರಿಗಿದೆ: ಪೋರ್ಥೆನಿಸ್. ಕಾರ್ನಿಷ್ ಭಾಷೆಯಲ್ಲಿ ಹಾಗೆಂದರೆ ದ್ವೀಪದ ಬಂದರು. ಬಂದರಿನ ಎದುರಿಗೆ ಕಲ್ಲುಬಂಡೆಗಳ ಪುಟ್ಟ ದ್ವೀಪವೊಂದು ಕಾಣುತ್ತದಾದುದರಿಂದ ಆ ಹೆಸರು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳುವ ಹೆಸರು ಅದು.

ನಮ್ಮ ಶಾಲೆಯಲ್ಲೇ ಏಳನೆಯ ತರಗತಿಯವರೆಗೆ ಓದಿದ ನನ್ನ ಮಗಳು ಈಗ ಬ್ರಿಸ್ಟಲ್ ನಗರದಲ್ಲಿ ನೆಲೆಸಿದ್ದಾಳೆ. 2023ರ ಬೇಸಿಗೆಯಲ್ಲಿ ಅವಳಲ್ಲಿಗೆ ಹೋಗಿದ್ದಾಗ, “ಅಪ್ಪಾ, ನಿಮಗೆ ಲಂಡನ್ನಿಗಿಂತ ಹಿಡಿಸುವ ಒಂದು ಊರು ತೋರಿಸುತ್ತೇನೆ” ಎಂದು ರೈಲು ಹತ್ತಿಸಿದಳು. ಒಂಬತ್ತು ವರ್ಷದ ಮೊಮ್ಮಗಳೂ ಜತೆಗಿದ್ದಳು. ಬ್ರುನೆಲ್ ಎಂಬ ಪ್ರಖ್ಯಾತ ಎಂಜಿನಿಯರ್ ಕಟ್ಟಿದ, 1859ರಲ್ಲಿ ಸಂಚಾರಕ್ಕೆ ತೆರೆದ ಸೇತುವೆಯ ಮೇಲೆ ರೈಲು ಟೇಮರ್ ನದಿಯನ್ನು ದಾಟುತ್ತದೆ. ಆ ಹೊಳೆಯೇ ಕಾರ್ನ್‌ವಾಲಿನ ಗಡಿ. ಗಡಿಯೆಂದರೆ ಹೊಳೆ ಎಂಬ ಮಾತು ಚಂದ್ರಗಿರಿಯ ಉತ್ತರದಲ್ಲಿ ಹುಟ್ಟಿದ ನನಗೆ ವಿವರಿಸಬೇಕಾದುದಲ್ಲ. ಹಳಿಯ ಕೊನೆಯ ನಿಲ್ದಾಣ ಪೆನ್‌ಝಾನ್ಸ್. ಅಲ್ಲಿ ಇಳಿದೊಡನೆ ಕಲ್ಲಿನಲ್ಲಿ ಕೊರೆದ ಸ್ವಾಗತದ ಮಾತು ಎರಡು ಭಾಷೆಗಳಲ್ಲಿ ಕಾಣಿಸಿತು. ಒಂದು ಇಂಗ್ಲಿಷ್; ಇನ್ನೊಂದನ್ನು ಓದಲು ನನ್ನ ಮಗಳಿಗೂ ಬಾರದು.

ಅಲ್ಲಿಂದ ಬಸ್ಸು ಕಡಲ ಅಂಚಿನಲ್ಲೇ ಸಾಗಿ ನ್ಯೂಲಿನ್ ಎಂಬ ಮೀನುಗಾರಿಕೆಯ ಪೇಟೆಯನ್ನು ದಾಟಿ ಮೌಝಲನ್ನು ಸೇರುತ್ತದೆ. ಮೂರು ಮೈಲಿಯೂ ಆಗಲಿಕ್ಕಿಲ್ಲ. ದಾರಿಯಲ್ಲಿ ಪೆನ್‌ಲೀ ಎಂಬ ಮುನ್ನೆಲದ ಮೇಲೆ ಹಳೆಯ ಜೀವರಕ್ಷಕ ದೋಣಿಯ ಮನೆಯೊಂದಿದೆ. ಆ ಕತೆಯನ್ನು ಹೇಳದೆ ಮುಂದೆ ಹೋಗಲಾರೆ. 1981ರ ಡಿಸೆಂಬರ್ 19ರ ರಾತ್ರಿ, ಎಂಜಿನು ಕೆಟ್ಟು ಬಿರುಗಾಳಿಗೆ ಸಿಲುಕಿದ ‘ಯೂನಿಯನ್ ಸ್ಟಾರ್’ ಎಂಬ ಸರಕು ಹಡಗಿನಲ್ಲಿ ಎಂಟು ಮಂದಿಯಿದ್ದರು. ಅವರನ್ನು ಉಳಿಸಲೆಂದು ‘ಸಾಲೊಮನ್ ಬ್ರೌನ್’ ಎಂಬ ಮರದ ದೋಣಿಯಲ್ಲಿ ಹೊರಟವರೂ ಎಂಟೇ ಮಂದಿ, ಎಲ್ಲರೂ ಮೌಝಲಿನವರು, ಸಂಬಳವಿಲ್ಲದ ಸ್ವಯಂಸೇವಕರು. ಒಂದೇ ಮನೆಯಿಂದ ಇಬ್ಬರು ಬೇಡವೆಂದು ದೋಣಿಯ ಮುಖ್ಯಸ್ಥ ಟ್ರೆವೆಲಿಯನ್ ರಿಚರ್ಡ್ಸ್, ತಂದೆಯನ್ನು ಹತ್ತಿಸಿಕೊಂಡು ಹದಿನೇಳರ ಮಗನನ್ನು ದಡದಲ್ಲೇ ಬಿಟ್ಟನಂತೆ. ನಾಲ್ವರನ್ನು ಎತ್ತಿಕೊಂಡಿದ್ದೇವೆಂದು ರೇಡಿಯೋದಲ್ಲಿ ತಿಳಿಸಿ, ಉಳಿದವರಿಗಾಗಿ ಮತ್ತೆ ಹಡಗಿನತ್ತ ತಿರುಗಿದವರು ಮರಳಲಿಲ್ಲ. ಎರಡೂ ಕಡೆಯ ಹದಿನಾರು ಮಂದಿಯೂ ಕಡಲಪಾಲಾದರು. ದಡದಲ್ಲಿ ಉಳಿದ ಆ ಹುಡುಗ ದೊಡ್ಡವನಾಗಿ ತಾನೇ ಜೀವರಕ್ಷಕ ದೋಣಿಯ ಮುಖ್ಯಸ್ಥನಾದ. ಕ್ರಿಸ್ಮಸ್ ಕಾಲದಲ್ಲಿ ಮೌಝಲಿನ ಬಂದರಿನ ತುಂಬ ದೀಪಾಲಂಕಾರ ಮಾಡುವ ಪದ್ಧತಿಯಿದೆ. ಡಿಸೆಂಬರ್ 19ರಂದು ಮಾತ್ರ ಒಂದು ಗಂಟೆಯ ಕಾಲ ಆ ದೀಪಗಳನ್ನು ಆರಿಸುತ್ತಾರೆ.

ನಾವು ಊರು ಸೇರಿದಾಗ ಇಳಿತದ ಹೊತ್ತು. ಎರಡು ತೋಳುಗಳಂತೆ ಬಾಗಿದ ಕಲ್ಲಿನ ಕಟ್ಟೆಗಳು, ನಡುವೆ ದೋಣಿಗಳಿಗೆ ಸಾಕಾಗುವಷ್ಟೇ ಬಾಗಿಲು. ಮಳೆ-ಚಳಿಯ ತಿಂಗಳುಗಳಲ್ಲಿ ಆ ಬಾಗಿಲಿಗೂ ದಪ್ಪ ಮರದ ತೊಲೆಗಳನ್ನು ಇಳಿಸಿ ಕಡಲನ್ನು ಹೊರಗಿಡುತ್ತಾರಂತೆ. ನೀರಿಲ್ಲದ ಬಂದರಿನಲ್ಲಿ ದೋಣಿಗಳು ಮರಳಿನ ಮೇಲೆ ಒಂದು ಪಕ್ಕಕ್ಕೆ ವಾಲಿ, ಮಧ್ಯಾಹ್ನದ ನಿದ್ದೆಗೆ ಬಿದ್ದ ದನಗಳಂತೆ ಕಾಣುತ್ತಿದ್ದವು. ಕಟ್ಟೆಯ ಹಿಂದಿನಿಂದ ಬೂದುಬಣ್ಣದ ಶಿಲೆಯ ಮನೆಗಳು ಒಂದರ ಹೆಗಲ ಮೇಲೊಂದು ಎಂಬಂತೆ ಗುಡ್ಡವನ್ನೇರಿವೆ. ಎರಡು ಕೊಡೆಗಳು ಎದುರುಬದುರಾದರೆ ಒಂದು ಮಡಚಿಕೊಳ್ಳಬೇಕಾದಷ್ಟು ಕಿರಿದಾದ ಓಣಿಗಳು.

ಈ ಊರಿನ ಬದುಕೆಲ್ಲ ಒಂದು ಕಾಲಕ್ಕೆ ಪಿಲ್ಚರ್ಡ್ ಎಂಬ ಮೀನಿನದಾಗಿತ್ತು. ಅದು ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ನೆಂಟ. ಹಿಡಿದ ಮೀನಿಗೆ ಉಪ್ಪು ಹಾಕಿ, ಎಣ್ಣೆ ಹಿಂಡಿ, ಪೀಪಾಯಿಗಳಲ್ಲಿ ತುಂಬಿ ದೂರದ ಇಟಲಿಗೆ ಕಳುಹಿಸುತ್ತಿದ್ದರು. ಹೆಂಗಸರು ಬೆನ್ನಿನ ಮೇಲೆ ಬುಟ್ಟಿ ಹೊತ್ತು, ಅದರ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಮನೆಮನೆಗೆ ಮಾರಲು ಹೋಗುತ್ತಿದ್ದರು. ಡಿಸೆಂಬರ್ 23ರಂದು ಇಲ್ಲಿ ಮೀನಿನ ತಲೆಗಳು ಹಿಟ್ಟಿನ ಮುಚ್ಚಳದಿಂದ ಹೊರಗಿಣುಕಿ ಆಕಾಶ ನೋಡುವಂತೆ ಒಂದು ಭಕ್ಷ್ಯವನ್ನು ಮಾಡುತ್ತಾರೆ. ಬರಗಾಲದಲ್ಲಿ ಬಿರುಗಾಳಿಯನ್ನು ಲೆಕ್ಕಿಸದೆ ಮೀನು ತಂದು ಊರನ್ನು ಉಳಿಸಿದ ಟಾಮ್ ಬಾಕಾಕ್ ಎಂಬವನ ನೆನಪಿಗಂತೆ. ಸಸ್ಯಾಹಾರಿಯಾದ ನನಗೆ ವರ್ಣನೆಯೇ ಸಾಕಾಯಿತು. ಈಗ ಆ ಮೀನಿನ ಮನೆಗಳಲ್ಲಿ ಅನೇಕವು ರಜಾದಿನಗಳ ಬಾಡಿಗೆ ಮನೆಗಳಾಗಿವೆ. ಬಾಗಿಲ ಪಕ್ಕದಲ್ಲಿ ಅಂಕಿ ಒತ್ತಿದರೆ ಬೀಗದ ಕೈ ಕೊಡುವ ಸಣ್ಣ ಪೆಟ್ಟಿಗೆ ಕಂಡರೆ ಅಲ್ಲಿ ಊರವರಿಲ್ಲವೆಂದು ತಿಳಿಯಬೇಕು. ಆ ಪೆಟ್ಟಿಗೆಗಳನ್ನು ಎಣಿಸುತ್ತ ಹೋದ ಮೊಮ್ಮಗಳು ಸ್ವಲ್ಪ ಹೊತ್ತಿನಲ್ಲಿ ಬೇಸತ್ತು ಬಿಟ್ಟುಬಿಟ್ಟಳು.

ಊರಿನಲ್ಲಿ ಅತ್ಯಂತ ಹಳೆಯದೆನಿಸಿದ ಮನೆಗೆ ಕೀಗ್ವಿನ್ ಎಂಬ ಮನೆತನದ ಹೆಸರು. ಸ್ಪೇನಿನ ಮಹಾ ನೌಕಾಪಡೆ 1588ರಲ್ಲಿ ಸೋತು ಹೋದ ಸಂಗತಿಯನ್ನು ಚರಿತ್ರೆಯ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಆದರೆ ಏಳು ವರ್ಷಗಳ ಬಳಿಕ, 1595ರ ಜುಲೈ 23ರಂದು, ನಾಲ್ಕು ಸ್ಪೇನಿಷ್ ಹಡಗುಗಳು ಈ ಕೊಲ್ಲಿಗೆ ನುಗ್ಗಿ ಮೌಝಲನ್ನು ಸುಟ್ಟು ಬೂದಿ ಮಾಡಿದ ಸಂಗತಿ ಯಾವ ಪಠ್ಯದಲ್ಲೂ ಇರಲಿಲ್ಲ. ಉಳಿದದ್ದು ಈ ಒಂದು ಮನೆಯಂತೆ. ಅದನ್ನು ಕಾಯುತ್ತಲೇ ಜೆನ್ಕಿನ್ ಕೀಗ್ವಿನ್ ಸತ್ತನೆಂದು ಗೋಡೆಯ ಫಲಕ ಹೇಳುತ್ತದೆ. ಅದೇ ಮನೆತನದಲ್ಲಿ 1641ರಲ್ಲಿ ಹುಟ್ಟಿದ ಜಾನ್ ಕೀಗ್ವಿನ್ ಕಾರ್ನಿಷ್ ಭಾಷೆಯ ದೊಡ್ಡ ಪಂಡಿತನಾದ. ಹಳೆಯ ಕಾರ್ನಿಷ್ ನಾಟಕಗಳನ್ನು ಇಂಗ್ಲಿಷಿಗೆ ಅನುವಾದಿಸಿದ. ಒಬ್ಬ ಪಂಡಿತ ತನ್ನ ಊರಿನ ಭಾಷೆಯನ್ನು ಅನುವಾದಿಸಿ ಇಡಬೇಕಾಗಿ ಬಂತೆಂದರೆ ಆಗಲೇ ಸಂಜೆಯಾಗಿತ್ತೆಂದು ಅರ್ಥ.

ಅಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ನಾನು ನೋಡಬೇಕೆಂದಿದ್ದ ಮನೆ. ಅಂದವಾದ ಕಟ್ಟಡವೇನೂ ಅಲ್ಲ. ಡಾಲಿ ಪೆಂಟ್ರೀತ್ ಎಂಬ ಮೀನು ಮಾರುವ ಹೆಂಗಸು ಇಲ್ಲಿ ಬಾಳಿದಳೆಂದೂ, ಕಾರ್ನಿಷನ್ನು ತಾಯ್ನುಡಿಯಾಗಿ ಆಡಿದ ಕೊನೆಯವರಲ್ಲಿ ಅವಳೊಬ್ಬಳೆಂದೂ, 1777ರ ಡಿಸೆಂಬರಿನಲ್ಲಿ ತೀರಿಕೊಂಡಳೆಂದೂ ಗೋಡೆಯ ಫಲಕದಲ್ಲಿದೆ.

1768ರಲ್ಲಿ ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶ ಅವಳನ್ನು ಹುಡುಕಿಕೊಂಡು ಬಂದ. ಪುರಾತನ ವಿಷಯಗಳಲ್ಲಿ ಆಸಕ್ತಿಯುಳ್ಳವನು ಆತ. ಕಾರ್ನಿಷಿನಲ್ಲಿ ಸಂಭಾಷಣೆ ನಡೆಸಬಲ್ಲವರು ಯಾರೂ ಉಳಿದಿಲ್ಲವೆಂದು ಪಂಥ ಕಟ್ಟಿದ್ದೇನೆ ಎಂದು ಅವಳ ಮುಂದೆಯೇ ಹೇಳಿದ. ಮುದುಕಿಗೆ ಸಿಟ್ಟು ಬಂತು. ಎರಡು ಮೂರು ನಿಮಿಷಗಳ ಕಾಲ ಅವಳು ಏರಿದ ದನಿಯಲ್ಲಿ ಸುರಿಸಿದ ಮಾತು ವೆಲ್ಷ್ ಭಾಷೆಯನ್ನು ಬಹಳ ಹೋಲುತ್ತಿತ್ತೆಂದು ಆತ ಬರೆದಿಟ್ಟಿದ್ದಾನೆ. ಎದುರುಮನೆಗಳ ಬಾಗಿಲಲ್ಲಿ ಇಬ್ಬರು ಮುದುಕಿಯರು ನಿಂತು ನಗುತ್ತಿದ್ದರು. ನನ್ನನ್ನು ಬೈದಳೇನು ಎಂದು ಆತ ಅವರನ್ನು ಕೇಳಿದ. ಚೆನ್ನಾಗಿಯೇ ಬೈದಳು, ಅವಳಿಗೆ ಕಾರ್ನಿಷ್ ಬಾರದೆಂದು ನೀವು ತಿಳಿದುಕೊಂಡಿರಲ್ಲ, ಅದಕ್ಕೆ ಎಂಬ ಉತ್ತರ ಬಂತು. ನಿಮಗೂ ಆ ಭಾಷೆ ಬರುವುದೋ ಎಂದು ಕೇಳಿದರೆ, ಕೇಳಿದರೆ ತಿಳಿಯುತ್ತದೆ, ಆದರೆ ಸಲೀಸಾಗಿ ಆಡಲು ಬಾರದು ಎಂದರಂತೆ. ಅವರು ಡಾಲಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ಅಷ್ಟೇ.

ಈ ಕತೆಯನ್ನು ಓಣಿಯಲ್ಲೇ ನಿಂತು ನಾನು ಮೊಮ್ಮಗಳಿಗೆ ಕನ್ನಡದಲ್ಲಿ ಹೇಳಿದೆ. ಬೈಗುಳದ ಭಾಗಕ್ಕೆ ಅವಳು ನಕ್ಕಳು. ಆಟದ ಬಯಲಿನಲ್ಲಿ ನಮ್ಮ ಮಕ್ಕಳು ಜಗಳವಾಡುವಾಗ ಯಾವ ಭಾಷೆಯಲ್ಲಿ ಬೈಯುತ್ತಾರೆಂದು ಕಿವಿಗೊಟ್ಟು ಆಲಿಸುವ ಅಭ್ಯಾಸ ನನಗೆ ಸೇವಾವಧಿಯುದ್ದಕ್ಕೂ ಇತ್ತು. ತುಳುವಿನಲ್ಲೋ ಕನ್ನಡದಲ್ಲೋ ಮಲಯಾಳದಲ್ಲೋ ಬ್ಯಾರಿಯಲ್ಲೋ, ಬೈದ ಭಾಷೆಯಲ್ಲಿ ಮಗು ಇನ್ನೂ ಬದುಕಿದೆ ಎಂದು ನನ್ನ ಲೆಕ್ಕ. ಕತೆ ಮುಗಿದ ಮೇಲೆ ಮೊಮ್ಮಗಳು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದಳು: “ಅಜ್ಜಾ, ಹಾಗಾದರೆ ಡಾಲಿ ಯಾರ ಹತ್ತಿರ ಮಾತಾಡುತ್ತಿದ್ದಳು?” ಅವಳಿಗೆ ನಾನಾಡುವ ಕನ್ನಡ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ನನ್ನ ಮಗಳು ನನ್ನ ಮುಖ ನೋಡಿ, ಆಮೇಲೆ ಫಲಕದ ಕಡೆ ತಿರುಗಿದಳು.

ಆ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದಿಷ್ಟು ಉತ್ತರವಿದೆ. ಡಾಲಿಯೇ ಕೊನೆಯವಳು ಎಂಬುದು ಕೇಳಲು ಸೊಗಸಾದ ಮಾತು, ನಿಜವಲ್ಲ. ಇದೇ ಊರಿನ ಮೀನುಗಾರ ವಿಲಿಯಂ ಬೋಡಿನಾರ್ 1776ರಲ್ಲಿ ಅದೇ ಬ್ಯಾರಿಂಗ್ಟನ್ನನಿಗೆ ಕಾರ್ನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಪತ್ರ ಬರೆದ. ತಾನು ಬಡ ಮೀನುಗಾರ, ವಯಸ್ಸು ಅರವತ್ತೈದು. ಹುಡುಗನಾಗಿದ್ದಾಗ ಮುದುಕರೊಡನೆ ದೋಣಿಯಲ್ಲಿ ಹೋಗಿ ಕಾರ್ನಿಷ್ ಕಲಿತೆ. ಈಗ ಊರಲ್ಲಿ ಅದನ್ನು ಆಡಬಲ್ಲವರು ನಾಲ್ಕೈದು ಮಂದಿ, ಎಲ್ಲರೂ ಎಂಬತ್ತರ ಆಸುಪಾಸಿನವರು. ಎಳೆಯರು ಮರೆತಿದ್ದಾರೆ ಎಂಬುದು ಅದರ ತಾತ್ಪರ್ಯ. ಆತ 1789ರವರೆಗೆ ಬದುಕಿದ್ದ. ನನ್ನ ಮನಸ್ಸನ್ನು ತಟ್ಟಿದ್ದು ಡಾಲಿಯ ಸಿಟ್ಟಿಗಿಂತ ಹೆಚ್ಚಾಗಿ ಈ ಪತ್ರ. ಅವನಿಗೆ ಶಾಲೆಯೆಂದರೆ ದೋಣಿ. ಬಲೆಯೆಳೆಯುವ ಮುದುಕರೇ ಮಾಸ್ತರರು. ಆ ದೋಣಿಗೆ ಅವನ ಬಳಿಕ ವಿದ್ಯಾರ್ಥಿಗಳು ಹತ್ತಲಿಲ್ಲ.

ಊರಿನ ಮೇಲ್ಗಡೆ, ಅರ್ಧ ಮೈಲಿಯ ಕಡಿದಾದ ಏರಿನ ತುದಿಯಲ್ಲಿ, ಪಾಲ್ ಎಂಬ ಗ್ರಾಮದ ಇಗರ್ಜಿಯಿದೆ. ಎಪ್ಪತ್ತು ದಾಟಿದ ಮೊಣಕಾಲುಗಳಿಗೆ ಆ ಏರು ದೊಡ್ಡದೇ. ನಡುವೆ ನಾಲ್ಕು ಕಡೆ ನಿಂತೆ. ಸ್ಪೇನಿನವರು ಅದನ್ನೂ ಸುಟ್ಟಿದ್ದರು. ಅಲ್ಲಿಯ ದಾಖಲೆ ಪುಸ್ತಕ 1595ರಿಂದಲೇ ಆರಂಭವಾಗುವುದು ಅದೇ ಕಾರಣದಿಂದ. ಒಳಗೆ, 1709ರಲ್ಲಿ ತೀರಿಕೊಂಡ ಸ್ಟೀಫನ್ ಹಚನ್ಸ್ ಎಂಬ ಹಡಗಿನ ಕಪ್ತಾನನ ಸ್ಮಾರಕದಲ್ಲಿ ಎರಡು ಸಾಲು ಕಾರ್ನಿಷ್ ಉಳಿದಿದೆ. ಹೊರಗೆ, ರಸ್ತೆಗೆ ಮುಖಮಾಡಿದ ಗೋಡೆಯಲ್ಲಿ ಡಾಲಿಯ ಕಲ್ಲು. ಅದನ್ನು 1860ರಲ್ಲಿ ನಿಲ್ಲಿಸಿದವನು ಪ್ರಿನ್ಸ್ ಲೂಯಿ ಲೂಸಿಯನ್ ಬೋನಪಾರ್ಟ್, ನೆಪೋಲಿಯನ್ ಚಕ್ರವರ್ತಿಯ ತಮ್ಮನ ಮಗ, ಭಾಷಾಶಾಸ್ತ್ರಜ್ಞ. ಊರಿನ ಪಾದ್ರಿಯೂ ಅವನ ಜತೆ ಸೇರಿದ್ದ. ತಂದೆತಾಯಿಯರನ್ನು ಗೌರವಿಸಬೇಕೆಂಬ ಬೈಬಲ್ಲಿನ ಆಜ್ಞೆಯನ್ನು ಅದರ ಮೇಲೆ ಇಂಗ್ಲಿಷಿನಲ್ಲೂ ಕಾರ್ನಿಷಿನಲ್ಲೂ ಕೊರೆಸಿದ್ದಾರೆ.

ರಾಜಕುಮಾರನ ಕಾರ್ಯ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೂ ಆ ಕಲ್ಲಿನ ಮುಂದೆ ನಿಂತಾಗ ಒಂದು ಕಹಿ ಮಾತು ನನ್ನ ಬಾಯಿಗೆ ಬಂತು. ಡಾಲಿ ಸತ್ತು ಎಂಬತ್ತಮೂರು ವರ್ಷಗಳ ಮೇಲೆ ಕಲ್ಲಿಗೆ ಹಣ ಹುಟ್ಟಿತು. ಅವಳು ಬದುಕಿದ್ದಾಗ ಆ ಊರಿನ ಹತ್ತು ಮಕ್ಕಳಿಗೆ ಅವಳ ಭಾಷೆ ಕಲಿಸಲು ಒಬ್ಬ ಮಾಸ್ತರನಿಗೆ ಸಂಬಳ ಕೊಡುವವರು ಹುಟ್ಟಲಿಲ್ಲ. ಕನ್ನಡ ಅರಿಯದ ಅಧ್ಯಾಪಕರು ಕನ್ನಡ ತರಗತಿಗೆ ಬಂದು ನಿಂತಾಗ ಮಕ್ಕಳೂ ಹೆತ್ತವರೂ ಬೀದಿಗಿಳಿದ ದಿನಗಳನ್ನು ಕಂಡ ನಮ್ಮ ನಾಡಿನವರಿಗೆ ಈ ಕಹಿ ಅರ್ಥವಾದೀತು.

ಭಾಷೆ ಅಲ್ಲಿ ಒಂದೇ ದಿನ ಸತ್ತದ್ದಲ್ಲ. 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಎಲ್ಲ ಇಗರ್ಜಿಗಳಿಗೂ ಕಡ್ಡಾಯ ಮಾಡಿದಾಗ ಕಾರ್ನ್‌ವಾಲಿನ ಜನ ದಂಗೆಯೆದ್ದರು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದು ಎಂಬುದು ಅವರ ಅಹವಾಲುಗಳಲ್ಲಿ ಒಂದು. ದಂಗೆಯನ್ನು ರಕ್ತದಲ್ಲಿ ಅಡಗಿಸಲಾಯಿತು. ಪಕ್ಕದ ವೇಲ್ಸಿನಲ್ಲಾದರೋ 1588ರಲ್ಲಿ ಇಡೀ ಬೈಬಲ್ಲು ವೆಲ್ಷ್ ಭಾಷೆಯಲ್ಲಿ ಅಚ್ಚಾಯಿತು. ಆ ಭಾಷೆ ಇಂದಿಗೂ ಲಕ್ಷಾಂತರ ಜನರ ಬಾಯಲ್ಲಿದೆ. ಕಾರ್ನಿಷಿಗೆ ಆ ಭಾಗ್ಯ ಬರಲಿಲ್ಲ. ಮೊದಲು ದೇವರ ಮುಂದಿನಿಂದ ಹೋಯಿತು, ಬಳಿಕ ಪೇಟೆಯಿಂದ, ಬಳಿಕ ಮನೆಯಿಂದ. ಎಲ್ಲಕ್ಕಿಂತ ಕೊನೆಗೆ ಉಳಿದದ್ದು ಮೀನು ಎಣಿಸುವ ಲೆಕ್ಕ. 1875ರಲ್ಲಿ ಹೆನ್ರಿ ಜೆನ್ನರ್ ಎಂಬ ವಿದ್ವಾಂಸ ಈ ಕರಾವಳಿಗೆ ಬಂದಾಗ, ವಾಕ್ಯ ಆಡಬಲ್ಲವರು ಯಾರೂ ಇರಲಿಲ್ಲ. ಸಂಖ್ಯೆಗಳನ್ನೂ ಬಿಡಿಬಿಡಿ ಪದಗಳನ್ನೂ ನೆನಪಿಟ್ಟಿದ್ದ ಮುದುಕರು ಸಿಕ್ಕರು.

ಭಾಷೆ ಹೋದರೆ ಜನಾಂಗವೇ ಹೋಯಿತೆಂದು ಸಭೆಗಳಲ್ಲಿ ಭಾಷಣ ಮಾಡುವವರಿದ್ದಾರೆ. ಮೌಝಲ್ ಆ ಮಾತನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆ ಡಿಸೆಂಬರಿನ ರಾತ್ರಿ ಕಡಲಿಗಿಳಿದ ಎಂಟು ಮಂದಿ ಇಂಗ್ಲಿಷ್ ಆಡುವವರೇ. ಅವರ ಎದೆಗಾರಿಕೆಗೆ ಏನೂ ಕೊರತೆಯಾಗಲಿಲ್ಲ. ಹಾಗಾದರೆ ಕಳೆದುಹೋದದ್ದೇನು? ಇಗರ್ಜಿಯ ಗೋಡೆಗೊರಗಿ ನಾನು ಯೋಚಿಸಿದ್ದು ಅದನ್ನೇ. ಪೆಂಟ್ರೀತ್ ಎಂದರೆ ಕಡಲತಡಿಯ ತಲೆ, ಕೊನೆ. ಟ್ರೆ ಎಂದರೆ ಒಕ್ಕಲ ಮನೆ. ಪೋಲ್ ಎಂದರೆ ಕೊಳ. ಕಾರ್ನ್‌ವಾಲಿನ ಊರು, ಹೊಲ, ಮನೆತನಗಳ ಹೆಸರುಗಳೆಲ್ಲ ಇಂಥವೇ. ಅವುಗಳ ನಡುವೆ ಹುಟ್ಟಿ ಬೆಳೆದವರು ತಮ್ಮ ಮನೆಯ ಹೆಸರಿನ ಅರ್ಥ ತಿಳಿಯಲು ನಿಘಂಟು ತೆರೆಯಬೇಕು. ಅಡ್ಕವೆಂದರೆ ಮಟ್ಟಸವಾದ ಬಯಲೆಂದೂ, ನೀರ್ಚಾಲಿನಲ್ಲಿ ನೀರು ಇದೆಯೆಂದೂ ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನ ಹಲಗೆಯ ಮೇಲೆ ‘ಮಂಜೇಶ್ವರಂ’ ಎಂದು ಬರೆದಿದ್ದರೂ ಬಾಯಿ ಮಂಜೇಶ್ವರ ಎಂದೇ ಓದುತ್ತದೆ. ಆ ಬಾಯಿ ಇರುವವರೆಗೆ ಹಲಗೆಗೆ ನಾನು ಅಷ್ಟಾಗಿ ಹೆದರುವವನಲ್ಲ.

ಕತೆ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ಜೆನ್ನರ್ 1904ರಲ್ಲಿ ಕಾರ್ನಿಷ್ ಭಾಷೆಯ ಕೈಪಿಡಿಯೊಂದನ್ನು ಪ್ರಕಟಿಸಿದ; ಪುಸ್ತಕದಿಂದ ಕಲಿತು ಆಡುವವರ ಒಂದು ಪರಂಪರೆ ಹುಟ್ಟಿತು. 2002ರಲ್ಲಿ ಬ್ರಿಟಿಷ್ ಸರಕಾರ ಅದನ್ನು ಅಲ್ಪಸಂಖ್ಯಾತ ಭಾಷೆಯೆಂದು ಮಾನ್ಯ ಮಾಡಿತು. ಯಾವ ಸ್ಪೆಲ್ಲಿಂಗ್ ಸರಿಯೆಂಬ ದೀರ್ಘ ಜಗಳ 2008ರಲ್ಲಿ ಒಂದು ಹದಕ್ಕೆ ಬಂತು. ನಿರ್ನಾಮವಾದ ಭಾಷೆಯೆಂಬ ಹಣೆಪಟ್ಟಿಯನ್ನು ಯುನೆಸ್ಕೋ 2010ರಲ್ಲಿ ತೆಗೆದುಹಾಕಿತು. 2011ರ ಜನಗಣತಿಯಲ್ಲಿ ಕಾರ್ನಿಷೇ ತಮ್ಮ ಮುಖ್ಯ ಭಾಷೆಯೆಂದು ಬರೆಸಿದವರು 557 ಮಂದಿ. ಇದನ್ನು ಓದಿ ನಗುವವರು ನಗಲಿ. ಆರಿದ ಒಲೆಯಲ್ಲಿ ಕೆಂಡ ಮಾಡುವುದು ಎಷ್ಟು ಕಷ್ಟವೆಂದು ಬಲ್ಲವನು ನಗಲಾರ.

ಪೆನ್‌ಝಾನ್ಸಿನಲ್ಲಿ ಕೊಂಡ ಪುಟ್ಟ ಪುಸ್ತಕವೊಂದರಲ್ಲಿ ಕಾರ್ನಿಷ್ ಸಂಖ್ಯೆಗಳಿದ್ದವು. ಮೂರಕ್ಕೆ ತ್ರಿ, ಏಳಕ್ಕೆ ಸೇಥ್, ಒಂಬತ್ತಕ್ಕೆ ನೌ, ಹತ್ತಕ್ಕೆ ಡೇಗ್. ಸಂಸ್ಕೃತದ ತ್ರಿ, ಸಪ್ತ, ನವ, ದಶಗಳ ದೂರದ ದಾಯಾದಿಗಳು ಅಟ್ಲಾಂಟಿಕಿನ ದಡದಲ್ಲಿ ಮೀನು ಎಣಿಸುತ್ತಿದ್ದವೆಂದು ತಿಳಿದು ನನಗೆ ಮಕ್ಕಳಂತೆ ಸಂತೋಷವಾಯಿತು. ಇಳಿಯುವ ದಾರಿಯಲ್ಲಿ ಮೊಮ್ಮಗಳು ಪುಸ್ತಕ ಹಿಡಿದು ಹತ್ತರವರೆಗೆ ಎಣಿಸಿದಳು. ಆಮೇಲೆ ತಾನಾಗಿಯೇ, ಯಾರೂ ಹೇಳದೆ, ಕನ್ನಡಕ್ಕೆ ತಿರುಗಿದಳು. ಒಂದು ಹೆಜ್ಜೆಗೆ ಒಂದು ಸಂಖ್ಯೆಯಂತೆ ಎಂಟರವರೆಗೆ ಬಂದು ನಿಂತಳು. ಕೆಳಗೆ ಬಂದರಿನಲ್ಲಿ ಉಬ್ಬರ ಏರಿ ದೋಣಿಗಳು ನೆಟ್ಟಗಾಗುತ್ತಿದ್ದವು.

“ಒಂಬತ್ತು” ಎಂದಳು ಅವಳ ತಾಯಿ.

“ಒಂಬತ್ತು, ಹತ್ತು” ಎಂದು ಎರಡು ಮೆಟ್ಟಿಲು ಒಟ್ಟಿಗೆ ಹಾರಿ ಹುಡುಗಿ ಬಸ್ಸಿನ ಕಡೆಗೆ ಓಡಿದಳು.